ಟರ್ಬೊ ಬದಲಾಯಿಸಿದ ಮೇಲೆ ಆಯಿಲ್ ಲೀಕ್: ಯುವಿ ಡೈ ಕಿಟ್ ಅನ್ನು ಎಷ್ಟು ನಂಬಬಹುದು?

ಹೊಸ ಟರ್ಬೊ (ಹೊಗೆಯ ರಭಸಕ್ಕೆ ತಿರುಗಿ ಇಂಜಿನ್‌ಗೆ ಗಾಳಿ ತುರುಕುವ ಫ್ಯಾನ್ ಜೋಡಿ) ಕೂರಿಸಿ ವಾರ ಕಳೆಯುವಷ್ಟರಲ್ಲಿ ಗಾಡಿ ನಿಂತ ಜಾಗದಲ್ಲಿ ಎಣ್ಣೆ ಹನಿ ಕಂಡರೆ ತಪ್ಪೆಲ್ಲ ಟರ್ಬೊದ ತಲೆಗೇ ಬರುತ್ತದೆ. ಅದನ್ನು ಬಿಚ್ಚಿ ಅಂಗಡಿಗೆ ವಾಪಸ್ ಒಯ್ಯುತ್ತಾರೆ, ಇನ್ನೊಂದು ತಂದು ಹಾಕುತ್ತಾರೆ, ಅದೂ ಸೋರುತ್ತದೆ. ಎಣ್ಣೆ ಎಲ್ಲಿಂದ ಬರುತ್ತಿದೆ ಎಂದು ನೋಡದೆ ಪಾನಾ ಹಿಡಿದರೆ ಆಗುವುದೇ ಇದು. ಹಾಗೆ ನೋಡುವುದಕ್ಕೆಂದೇ ಇರುವ ಸಾಮಾನು ಯುವಿ ಡೈ ಕಿಟ್. ಆಯಿಲ್‌ಗೆ ಬೆರೆಸುವ 30 ಮಿ.ಲೀ. ಆಸುಪಾಸಿನ ಡೈ ಬಾಟಲಿ, ಅಲ್ಟ್ರಾವಯಲೆಟ್ ಟಾರ್ಚ್, ಹಳದಿ ಗಾಜಿನ ಕನ್ನಡಕ, ಇಷ್ಟೇ ಅದರಲ್ಲಿರುವುದು. ಬೇರೆ ಬೇರೆ ಹೆಸರಿನಲ್ಲಿ ಸಿಗುತ್ತದೆ, ಕೆಲಸ ಮಾಡುವ ರೀತಿ ಒಂದೇ: ಡೈ ಬೆರೆತ ಎಣ್ಣೆ ಸೋರಿದ ಕಡೆ ಟಾರ್ಚಿನ ಬೆಳಕಿಗೆ ಹೊಳೆಯುತ್ತದೆ. ಹಾಗಾಗಿ ಇಲ್ಲಿ ಒಂದು ಕಂಪನಿಯ ಡಬ್ಬಿಯನ್ನಲ್ಲ, ಕಿಟ್ ಎಂಬ ಸಾಧನವನ್ನೇ ತೂಗಿ ನೋಡಿದ್ದೇವೆ.

ತೀರ್ಪು ಮೊದಲೇ ಹೇಳಿಬಿಡೋಣ. ಎಣ್ಣೆ ಎಲ್ಲಿಂದ ಹೊರಬರುತ್ತಿದೆ ಎಂಬುದನ್ನು ಈ ಕಿಟ್ ಬೇರೆ ಯಾವ ಅಗ್ಗದ ಉಪಾಯಕ್ಕಿಂತಲೂ ಚೆನ್ನಾಗಿ ತೋರಿಸುತ್ತದೆ. ಯಾಕೆ ಬರುತ್ತಿದೆ ಎಂಬುದನ್ನು ಅರ್ಧದಷ್ಟು ಸಲ ಮಾತ್ರ ತಿಳಿಸುತ್ತದೆ. ಟರ್ಬೊ ವಿಷಯದಲ್ಲಿ ಆ ‘ಯಾಕೆ’ಯೇ ಮುಖ್ಯ. ಆದ್ದರಿಂದ ಕಿಟ್ ಕೊಳ್ಳಿ, ಆದರೆ ಅದೊಂದನ್ನೇ ನಂಬಿ ಕೂರಬೇಡಿ. ಜೊತೆಗೆ ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ ಪಾರದರ್ಶಕ ಟ್ಯೂಬ್ ಎರಡು ಮೀಟರ್ ತಂದಿಟ್ಟುಕೊಳ್ಳಿ. ಅದರ ಉಪಯೋಗ ಮುಂದೆ ಬರುತ್ತದೆ.

ಕೊಳ್ಳುವಾಗ ಮೊದಲು ನೋಡಬೇಕಾದದ್ದು ಟಾರ್ಚ್. ಮೇಲೆ 365 ನ್ಯಾನೋಮೀಟರ್ ಎಂದು ಬರೆದಿರಬೇಕು. ಅಗ್ಗದ ಕಿಟ್‌ಗಳಲ್ಲಿ ಬರುವುದು 395ರ ಎಲ್‌ಇಡಿ. ಅದು ಕಣ್ಣಿಗೆ ಕಾಣುವ ನೇರಳೆ ಬೆಳಕನ್ನೇ ಜಾಸ್ತಿ ಚೆಲ್ಲುತ್ತದೆ, ಇಂಜಿನ್ ಪೂರ್ತಿ ನೇರಳೆಯಾಗಿ ಕಂಡು ಸಣ್ಣ ಸೋರಿಕೆ ಅದರಲ್ಲಿ ಮುಚ್ಚಿಹೋಗುತ್ತದೆ. ರಾತ್ರಿ ಹೊತ್ತು ಪಿಟ್‌ನೊಳಗೆ ಇಳಿದು ನೋಡುವುದಾದರೆ 395ರಲ್ಲೂ ದೊಡ್ಡ ಲೀಕ್ ಸಿಗುತ್ತದೆ. ಹಗಲಿನಲ್ಲಿ, ಅರ್ಧ ತೆರೆದ ಶೆಡ್‌ನಲ್ಲಿ, ಅದು ಕೈಕೊಡುತ್ತದೆ. ಹಳದಿ ಕನ್ನಡಕವನ್ನು ಎಷ್ಟೋ ಜನ ಡಬ್ಬಿಯಲ್ಲೇ ಬಿಟ್ಟುಬಿಡುತ್ತಾರೆ. ಅದು ಟಾರ್ಚಿನ ನೀಲಿ ಬೆಳಕನ್ನು ತಡೆದು ಡೈನ ಹಸಿರು ಹಳದಿ ಹೊಳಪನ್ನು ಮಾತ್ರ ಕಣ್ಣಿಗೆ ಬಿಡುತ್ತದೆ, ಅಡ್ಡಾದಿಡ್ಡಿ ಚಿಮ್ಮುವ ಯುವಿಯಿಂದ ಕಣ್ಣನ್ನೂ ಕಾಯುತ್ತದೆ. ಹಾಕಿಕೊಳ್ಳಲೇಬೇಕು.

ಎರಡನೆಯದು ಬಾಟಲಿ. ‘ಯುವಿ ಡೈ’ ಎಂದಷ್ಟೇ ಕೇಳಿದರೆ, ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ, ಏಸಿ ಗ್ಯಾಸ್ ಲೀಕ್‌ಗೆ ಹಾಕುವ ಡೈ ಕೈಗೆ ಬಂದುಬಿಡಬಹುದು. ಅದು ಏಸಿ ಕಂಪ್ರೆಸರ್ ಎಣ್ಣೆಗೆಂದು ಮಾಡಿದ್ದು, ಇಂಜಿನ್‌ಗೆ ಹಾಕಬಾರದು. ಬಾಟಲಿಯ ಮೇಲೆ ಇಂಜಿನ್ ಆಯಿಲ್‌ಗೆ ಎಂದು ಸ್ಪಷ್ಟವಾಗಿ ಇರಲಿ.

ಪ್ರಮಾಣದಲ್ಲಿ ಕೈ ಹಿಡಿತದಲ್ಲಿರಬೇಕು. ಸಾಮಾನ್ಯವಾಗಿ 30 ಮಿ.ಲೀ. ಬಾಟಲಿ ಒಂದಕ್ಕೆ 4ರಿಂದ 5 ಲೀಟರ್ ಆಯಿಲ್. ಸ್ವಿಫ್ಟ್ ಡಿಡಿಐಎಸ್‌ನಲ್ಲಿ ಬರುತ್ತಿದ್ದ ಫಿಯಟ್‌ನ 1.3 ಮಲ್ಟಿಜೆಟ್ ಇಂಜಿನ್‌ಗೆ ಸುಮಾರು 3 ಲೀಟರ್ ಆಯಿಲ್ ಸಾಕು. ಅದಕ್ಕೆ ಬಾಟಲಿಯ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಬೇಡ. ಇನ್ನೋವಾ, ಸ್ಕಾರ್ಪಿಯೊ ತರಹದ ದೊಡ್ಡ ಡೀಸೆಲ್‌ಗಳಿಗೆ ಒಂದೂವರೆ ಬಾಟಲಿ ಬೇಕಾದೀತು. ಡೈ ಜಾಸ್ತಿಯಾದರೆ ಕೈಗೆ ಅಂಟಿದ್ದು, ಬಟ್ಟೆಗೆ ತಾಗಿದ್ದು, ಫನಲ್‌ನಿಂದ ಚೆಲ್ಲಿದ್ದು ಎಲ್ಲವೂ ದೀಪದಂತೆ ಹೊಳೆದು ನಿಜವಾದ ಜಾಗ ಯಾವುದೆಂದೇ ತಿಳಿಯುವುದಿಲ್ಲ. ಡೀಸೆಲ್ ಗಾಡಿಯಲ್ಲಿ ಇನ್ನೊಂದು ತೊಡಕಿದೆ. ಆಯಿಲ್ ಕೆಲವೇ ನೂರು ಕಿಲೋಮೀಟರ್‌ನಲ್ಲಿ ಮಸಿ ಹಿಡಿದು ಕಪ್ಪಾಗುತ್ತದೆ, ಆ ಮಸಿ ಡೈನ ಹೊಳಪನ್ನು ನುಂಗುತ್ತದೆ. ಟರ್ಬೊ ಹಾಕಿದ ದಿನ ಹೇಗೂ ಹೊಸ ಆಯಿಲ್, ಹೊಸ ಫಿಲ್ಟರ್ ಹಾಕಲೇಬೇಕು. ಡೈಯನ್ನೂ ಅದೇ ಹೊಸ ಆಯಿಲ್‌ನಲ್ಲಿ ಬೆರೆಸಿ ಹಾಕುವುದು ಜಾಣತನ.

ಅವತ್ತೇ ಹಾಕಬೇಕು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣವೊಂದಿದೆ. ಈ ಕಿಟ್‌ನ ಬೆಲೆ ನಿಜವಾಗಿ ವಸೂಲಾಗುವುದೂ ಅಲ್ಲೇ. ಹಳೇ ಟರ್ಬೊ ಸಾಯುವ ಮುನ್ನ, ಅದು ತಳ್ಳಿದ ಗಾಳಿಯನ್ನು ತಂಪು ಮಾಡುವ ಇಂಟರ್‌ಕೂಲರ್ ಒಳಗೆ, ರಬ್ಬರ್ ಹೋಸ್‌ಗಳೊಳಗೆ, ಸೈಲೆನ್ಸರ್‌ನಲ್ಲಿ ಸಾಕಷ್ಟು ಎಣ್ಣೆ ಕಾರಿಟ್ಟಿರುತ್ತದೆ. ಹೊಸದು ಹಾಕಿ ಗಾಡಿ ಓಡಿಸಿದಾಗ ಆ ಹಳೇ ಎಣ್ಣೆ ಸೈಲೆನ್ಸರ್‌ನಲ್ಲಿ ಸುಟ್ಟು ಹೊಗೆಯಾಗುತ್ತದೆ, ಹೋಸ್ ಜೋಡಣೆಯಲ್ಲಿ ಜಿನುಗುತ್ತದೆ. ನೋಡಿದವರು ‘ಹೊಸ ಟರ್ಬೊನೂ ಆಯಿಲ್ ಬಿಡ್ತಾ ಇದೆ’ ಎಂದು ತೀರ್ಮಾನಿಸುತ್ತಾರೆ. ಡೈ ಹಾಕಿದ್ದರೆ ಜಗಳವೇ ಇಲ್ಲ. ಹಳೇ ಎಣ್ಣೆಯಲ್ಲಿ ಡೈ ಇಲ್ಲ, ಅದು ಟಾರ್ಚಿನ ಕೆಳಗೆ ಹಸಿರಾಗಿ ಹೊಳೆಯುವುದಿಲ್ಲ. ಹೊಸ ಟರ್ಬೊದಿಂದ ಬಂದ ಎಣ್ಣೆ ಹೊಳೆಯುತ್ತದೆ. ಇಂಟರ್‌ಕೂಲರ್‌ನ ಕೆಳಗಿನ ಹೋಸ್ ಬಿಚ್ಚಿ ಟಾರ್ಚ್ ಬಿಟ್ಟರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ. ಈ ಬೇರ್ಪಡಿಸುವ ಕೆಲಸವನ್ನು ಟಾಲ್ಕಂ ಪೌಡರ್ ಮಾಡಲಾರದು, ಹೊಗೆ ತುಂಬಿ ಬಿರುಕು ಹುಡುಕುವ ಸ್ಮೋಕ್ ಮಷೀನೂ ಮಾಡಲಾರದು. (ಇಂಟರ್‌ಕೂಲರ್ ಅನ್ನು ಬಿಚ್ಚಿ ತೊಳೆಯದೆ ಹೊಸ ಟರ್ಬೊ ಹಾಕುವುದೇ ತಪ್ಪು. ಅಲ್ಲಿ ನಿಂತ ಎಣ್ಣೆ ಒಮ್ಮೆಗೇ ಇಂಜಿನ್‌ಗೆ ಹೋದರೆ ಡೀಸೆಲ್ ಇಂಜಿನ್ ಚಾವಿ ತಿರುಗಿಸಿದರೂ ನಿಲ್ಲದೆ ಓಡಿಬಿಡಬಹುದು. ಹಳೇ ಫ್ಯಾನ್ ಒಡೆದಿದ್ದರೆ ಅದರ ಚೂರುಗಳೂ ಅಲ್ಲೇ ಇರುತ್ತವೆ.)

ಬಳಸುವ ಕ್ರಮಕ್ಕೆ ಬರೋಣ. ಮೊದಲು ಇಂಜಿನ್ ತಣ್ಣಗಿರುವಾಗ ಟರ್ಬೊ ಸುತ್ತಮುತ್ತ ಡಿಗ್ರೀಸರ್ ಹಾಕಿ ತೊಳೆದು ಒಣಗಿಸಬೇಕು. ಆಲ್ಟರ್ನೇಟರ್‌ಗೆ ಪ್ಲಾಸ್ಟಿಕ್ ಸುತ್ತಿರಿ. ಬಿಸಿ ಮ್ಯಾನಿಫೋಲ್ಡ್ ಮೇಲೆ ಬ್ರೇಕ್ ಕ್ಲೀನರ್ ಎಂದಿಗೂ ಹೊಡೆಯಬಾರದು. ಕ್ಲೋರಿನ್ ಇಲ್ಲದ್ದು ಹತ್ತಿಕೊಂಡು ಉರಿಯುತ್ತದೆ, ಕ್ಲೋರಿನ್ ಇರುವುದು ಕಾವಿಗೆ ವಿಷಗಾಳಿಯಾಗುತ್ತದೆ. ಆಮೇಲೆ ಡೈ ಬೆರೆಸಿದ ಆಯಿಲ್ ತುಂಬಿ, ಐಡಲ್‌ನಲ್ಲಿ ಐದು ನಿಮಿಷ ಓಡಿಸಿ ಒಮ್ಮೆ ನೋಡಬೇಕು. ಟರ್ಬೊಗೆ ಎಣ್ಣೆ ತರುವ ಫೀಡ್ ಪೈಪಿನ ಲೀಕ್ ಇಷ್ಟರಲ್ಲೇ ಸಿಕ್ಕಿಬೀಳುತ್ತದೆ. ಏನೂ ಕಾಣದಿದ್ದರೆ 20–30 ಕಿ.ಮೀ. ರಸ್ತೆಗೆ ಒಯ್ಯಬೇಕು. ಸಾಧ್ಯವಾದರೆ ಏರು ಇರುವ ಕಡೆ ಹೋಗಿ, ಟರ್ಬೊ ಪೂರ್ತಿ ಒತ್ತಡ ಕೊಡುವ ಹಾಗೆ ಓಡಿಸಬೇಕು. ಅಂಗಳದಲ್ಲಿ ನಿಲ್ಲಿಸಿ ರೇಸ್ ಕೊಟ್ಟರೆ ಅಷ್ಟು ಭಾರ ಬೀಳುವುದಿಲ್ಲ.

ಟಾರ್ಚ್ ಹಿಡಿದಾಗ ಕೆಳಗೆ ಹನಿ ತೂಗುತ್ತಿರುವ ಜಾಗವನ್ನು ನೋಡಿ ನಿಲ್ಲಬೇಡಿ. ಎಣ್ಣೆ ಕೆಳಕ್ಕೆ ಇಳಿಯುತ್ತದೆ, ಓಡುವ ಗಾಡಿಯಲ್ಲಿ ಗಾಳಿ ಅದನ್ನು ಹಿಂದಕ್ಕೂ ಒಯ್ಯುತ್ತದೆ. ಹೊಳಪಿನ ಜಾಡು ಹಿಡಿದು ಮೇಲೆ, ಮುಂದೆ ಹೋಗುತ್ತಾ ಇರಬೇಕು. ಎಲ್ಲಕ್ಕಿಂತ ಮೇಲಿನ, ಎಲ್ಲಕ್ಕಿಂತ ಮುಂದಿನ ಹಸಿರು ಗುರುತೇ ಮೂಲ. ಹಾಗೆ ಹುಡುಕಿಕೊಂಡು ಹೋದರೆ ಎಷ್ಟೋ ಸಲ ಮೂಲ ಟರ್ಬೊಗಿಂತ ಮೇಲೆಯೇ ಸಿಗುತ್ತದೆ. ವಾಲ್ವ್ ಕವರ್ ಪ್ಯಾಕಿಂಗ್ ಸೋರಿ ಟರ್ಬೊ ಮೇಲೆ ಹನಿಯುತ್ತಿರುತ್ತದೆ. ಅಥವಾ ಅದೇ ದಿನ ಬದಲಿಸಿದ ಆಯಿಲ್ ಫಿಲ್ಟರ್‌ನ ಹಳೇ ರಬ್ಬರ್ ರಿಂಗ್ ಇಂಜಿನ್‌ಗೇ ಅಂಟಿ ಉಳಿದು, ಅದರ ಮೇಲೆ ಹೊಸದು ಕೂತಿರುತ್ತದೆ. ಟರ್ಬೊಗೂ ಇದಕ್ಕೂ ಸಂಬಂಧವೇ ಇಲ್ಲ. ಟರ್ಬೊ ಕೆಲಸದ ದಿನವೇ ಶುರುವಾಯಿತು ಎಂಬುದಷ್ಟೇ ಅದರ ಮೇಲಿನ ಆರೋಪ.

ಟರ್ಬೊದ್ದೇ ಆದರೆ ಮೊದಲ ಅನುಮಾನ ಫೀಡ್ ಪೈಪ್ ಮೇಲೆ. ಮೇಲಿಂದ ಬ್ಯಾಂಜೊ ಬೋಲ್ಟ್, ಅದರ ಎರಡೂ ಪಕ್ಕ ತಾಮ್ರದ ವಾಷರ್. ಇಂಜಿನ್ ಆಯಿಲ್‌ನ ಪೂರ್ತಿ ಒತ್ತಡ ಇಲ್ಲಿರುತ್ತದೆ, ಹಾಗಾಗಿ ಇಲ್ಲಿನ ಲೀಕ್ ಹನಿಯಾಗಿ ಬೀಳುವುದಕ್ಕಿಂತ ಮಂಜಿನಂತೆ ಚಿಮುಕುವುದೇ ಹೆಚ್ಚು. ಟಾರ್ಚಿನ ಕೆಳಗೆ ಹೀಟ್ ಶೀಲ್ಡ್‌ನ ಒಂದು ಮಗ್ಗುಲಿನಲ್ಲಿ ಸಾಸಿವೆ ಚೆಲ್ಲಿದ ಹಾಗೆ ಚುಕ್ಕಿ ಚುಕ್ಕಿ ಹೊಳಪು ಕಾಣುತ್ತದೆ. ಆ ಚುಕ್ಕಿಗಳು ಯಾವ ಕಡೆಗೆ ದಟ್ಟವಾಗುತ್ತವೋ ಅಲ್ಲಿ ಸೋರುವ ವಾಷರ್ ಇದೆ. ಕಾರಣ ಹೆಚ್ಚಾಗಿ ಎರಡೇ. ಒಂದು, ಹಳೇ ವಾಷರ್ ಮತ್ತೆ ಹಾಕಿರುವುದು. ಒಮ್ಮೆ ಬಿಗಿದು ಅಮುಕಿಸಿಕೊಂಡ ತಾಮ್ರ ಗಡಸಾಗಿರುತ್ತದೆ, ಎರಡನೇ ಸಲ ಮೈ ಒಡ್ಡಿ ಕೂರುವುದಿಲ್ಲ. ಇನ್ನೊಂದು, ಹಳೇ ವಾಷರ್ ಪೈಪಿನ ಕಣ್ಣಿಗೋ ಹೌಸಿಂಗ್‌ಗೋ ಅಂಟಿಕೊಂಡಿದ್ದು ಗಮನಕ್ಕೆ ಬಾರದೆ ಅದರ ಮೇಲೇ ಹೊಸದು ಬಂದಿರುವುದು. ಮಸಿ ಹಿಡಿದ ಹಳೇ ವಾಷರ್ ಹೌಸಿಂಗ್‌ನ ಭಾಗವೇ ಎನ್ನುವ ಹಾಗೆ ಕಾಣುತ್ತದೆ. ಉಗುರಿನಿಂದ ಕೆರೆದು ನೋಡಿದರೆ ಮಾತ್ರ ಅಂಚು ಸಿಗುತ್ತದೆ. ಸೋರಿತೆಂದು ಬೋಲ್ಟ್ ಇನ್ನೂ ಬಿಗಿಯುವುದು ಪರಿಹಾರವಲ್ಲ, ನಡುವೆ ತೂತಿರುವ ಟೊಳ್ಳು ಬೋಲ್ಟ್ ಅದು, ಪಟ್ಟನೆ ಮುರಿಯುತ್ತದೆ. ವಾಷರ್ ಹೊಸದು ಹಾಕಿ, ಕಂಪನಿ ಹೇಳಿದ ಟಾರ್ಕ್‌ಗೆ ನಿಲ್ಲಿಸಿ.

ಎರಡನೆಯ ಜಾಗ ಟರ್ಬೊದಿಂದ ಎಣ್ಣೆ ವಾಪಸ್ ಇಳಿಯುವ ರಿಟರ್ನ್ ಪೈಪ್. ಇಲ್ಲಿಯೇ ಹೆಚ್ಚು ನಿಲ್ಲಬೇಕು, ಯಾಕೆಂದರೆ ಟರ್ಬೊ ಕಟ್ಟಿದ ಬಗೆಯೇ ಇಲ್ಲಿ ಅರ್ಥವಾಗಬೇಕು.

ಟರ್ಬೊದ ಶಾಫ್ಟ್‌ಗೆ ರಬ್ಬರ್ ಆಯಿಲ್ ಸೀಲ್ ಇರುವುದಿಲ್ಲ. ನಿಮಿಷಕ್ಕೆ ಲಕ್ಷ, ಎರಡು ಲಕ್ಷ ಸುತ್ತು ತಿರುಗುವ, ಒಂದು ತುದಿ ಕೆಂಪಗೆ ಕಾಯುವ ಶಾಫ್ಟ್ ಮೇಲೆ ರಬ್ಬರ್ ನಿಲ್ಲುವುದಿಲ್ಲ. ಅಲ್ಲಿರುವುದು ಪಿಸ್ಟನ್ ರಿಂಗ್ ತರಹದ ಪುಟ್ಟ ಕಬ್ಬಿಣದ ಉಂಗುರಗಳು. ಅವುಗಳ ಹೊರಗಡೆ ಗಾಳಿಯ ಅಥವಾ ಹೊಗೆಯ ಒತ್ತಡ ಇರುತ್ತದೆ, ಒಳಗಡೆ ಎಣ್ಣೆ ಒತ್ತಡವಿಲ್ಲದೆ ತನ್ನ ಭಾರಕ್ಕೆ ತಾನೇ ಕೆಳಗಿಳಿದು ಚೇಂಬರ್‌ಗೆ (ಇಂಜಿನ್ ತಳದ ಆಯಿಲ್ ತೊಟ್ಟಿಗೆ) ಹೋಗುತ್ತಿರುತ್ತದೆ. ಹೊರಗಿನ ಒತ್ತಡ ಒಳಗಿನದಕ್ಕಿಂತ ಹೆಚ್ಚಿರುವವರೆಗೆ ಎಣ್ಣೆ ಹೊರಬರುವುದಿಲ್ಲ. ಕೆಳಗಿಳಿಯುವ ದಾರಿ ಸ್ವಲ್ಪ ಕಟ್ಟಿಕೊಂಡರೂ ಟರ್ಬೊದ ನಡುಭಾಗವಾದ ಸೆಂಟರ್ ಹೌಸಿಂಗ್‌ನಲ್ಲಿ ಎಣ್ಣೆ ತುಂಬಿ, ಉಂಗುರ ಎಷ್ಟೇ ಹೊಸದಿದ್ದರೂ ಅದನ್ನು ದಾಟಿ ಒಂದೋ ಗಾಳಿ ಕಡೆಗೆ, ಇಲ್ಲವೇ ಸೈಲೆನ್ಸರ್ ಕಡೆಗೆ ನುಗ್ಗುತ್ತದೆ. ‘ಸೀಲ್ ಹೋಗಿದೆ’ ಎಂದು ವಾಪಸ್ ಹೋಗುವ ಟರ್ಬೊಗಳಲ್ಲಿ ಸೀಲ್ ಚೆನ್ನಾಗಿಯೇ ಇರುವುದು ಬಹಳ ಸಾಮಾನ್ಯ.

ದಾರಿ ಕಟ್ಟಿಕೊಳ್ಳುವುದು ಹೇಗೆ? ಎಲ್ಲಕ್ಕಿಂತ ಹೆಚ್ಚಾಗಿ ಸಿಲಿಕಾನ್ ಪೇಸ್ಟ್‌ನಿಂದ. ರಿಟರ್ನ್ ಫ್ಲೇಂಜ್‌ಗೆ ಗ್ಯಾಸ್ಕೆಟ್ ಹಾಕಿ ‘ಯಾವುದಕ್ಕೂ ಇರಲಿ’ ಎಂದು ಎರಡೂ ಕಡೆ ಪೇಸ್ಟ್ ಬಳಿಯುತ್ತಾರೆ. ಬಿಗಿದಾಗ ಹೊರಗೆ ಹಿಂಡಿ ಬಂದದ್ದು ಕಣ್ಣಿಗೆ ಕಾಣುತ್ತದೆ, ಅಷ್ಟೇ ಪೇಸ್ಟ್ ಒಳಗೂ ಹಿಂಡಿ ಬಂದು ತೂತಿನ ಸುತ್ತ ನಾಲಗೆಯಂತೆ ಚಾಚಿಕೊಂಡಿರುತ್ತದೆ. ಮೇಲಿಂದ ಬರುವ ಎಣ್ಣೆ ಗಾಳಿಯೊಂದಿಗೆ ಕಲೆತು ನೊರೆಯಾಗಿರುತ್ತದೆ, ಮಜ್ಜಿಗೆ ಕಡೆದ ಹಾಗೆ. ಆ ನೊರೆ ಇಳಿಯಲು ಅಗಲವಾದ ದಾರಿಯೇ ಬೇಕು. ಫೀಡ್ ಪೈಪ್ ಸಣ್ಣದು, ರಿಟರ್ನ್ ಪೈಪ್ ದಪ್ಪ ಇರುವುದು ಇದಕ್ಕೇ. ಟರ್ಬೊದ ಆಯಿಲ್ ದಾರಿಯಲ್ಲಿ ಎಲ್ಲಿಯೂ ಪೇಸ್ಟ್ ಬೇಡ. ಗ್ಯಾಸ್ಕೆಟ್ ಒಣದಾಗಿಯೇ ಕೂರಲಿ. ಗ್ಯಾಸ್ಕೆಟ್‌ನ ತೂತು ಮತ್ತು ಹೌಸಿಂಗ್‌ನ ತೂತು ಸರಿಹೊಂದುತ್ತವೆಯೇ ಎಂದು ಬಿಗಿಯುವ ಮುಂಚೆ ಕೈಯಲ್ಲಿ ಹಿಡಿದು ನೋಡಿ, ತಿರುಗಿಸಿ ಹಾಕಿದರೆ ಅರ್ಧ ತೂತು ಮುಚ್ಚಿಹೋಗುವ ಗ್ಯಾಸ್ಕೆಟ್‌ಗಳಿವೆ. ಹಳೇ ರಿಟರ್ನ್ ಪೈಪ್ ಒಳಗೆ ಇದ್ದಿಲಿನಂತೆ ಮಸಿ ಗಟ್ಟಿಯಾಗಿದ್ದರೆ ತೊಳೆದು ಪ್ರಯೋಜನವಿಲ್ಲ, ಬದಲಿಸಿ. ಬ್ಲಾಕ್ ಕಡೆಗೆ ಓ-ರಿಂಗ್ ಇದ್ದರೆ ಹೊಸದಕ್ಕೆ ಎಣ್ಣೆ ಸವರಿ ಒತ್ತಿ. ಒಣಗಿದ ಓ-ರಿಂಗ್ ಅಂಚಿಗೆ ತಾಗಿ ಕತ್ತರಿಸಿಕೊಳ್ಳುತ್ತದೆ, ಆಮೇಲೆ ನಿಧಾನವಾಗಿ, ದಿನಕ್ಕೆ ನಾಲ್ಕು ಹನಿಯಂತೆ ಸೋರುತ್ತದೆ. ಇಂಥ ನಿಧಾನದ ಸೋರಿಕೆಯನ್ನು ಹಿಡಿಯುವುದರಲ್ಲಿ ಡೈ ಕಿಟ್‌ಗೆ ಸಾಟಿಯಿಲ್ಲ.

ಟರ್ಬೊ ಇಲ್ಲದ ಇಂಜಿನ್‌ಗೆ ಹೊರಗಿನಿಂದ ಟರ್ಬೊ ಕಟ್ಟುವವರಿಗೆ ಇನ್ನೆರಡು ಮಾತು. ರಿಟರ್ನ್ ಪೈಪ್ ಆದಷ್ಟೂ ನೆಟ್ಟಗೆ ಕೆಳಗಿಳಿಯಬೇಕು, ನೇರ ಕೆಳಮುಖದಿಂದ 35 ಡಿಗ್ರಿಗಿಂತ ಹೆಚ್ಚು ವಾಲಬಾರದು. ಚೇಂಬರ್ ಸೇರುವ ಜಾಗ ಆಯಿಲ್ ಮಟ್ಟಕ್ಕಿಂತ ಮೇಲಿರಬೇಕು. ಟರ್ಬೊ ಅಷ್ಟು ಎತ್ತರದಲ್ಲಿ ಕೂರದಿದ್ದರೆ ಎಣ್ಣೆ ಎಳೆಯಲು ಬೇರೆ ಪಂಪ್ ಬೇಕೇ ಬೇಕು. ಬಾಲ್ ಬೇರಿಂಗ್ ಟರ್ಬೊ ಆದರೆ ಫೀಡ್‌ನಲ್ಲಿ ಸುಮಾರು 1 ಮಿ.ಮೀ. ತೂತಿನ ರಿಸ್ಟ್ರಿಕ್ಟರ್ ಹಾಕುತ್ತಾರೆ. ಅದಿಲ್ಲದೆ ಪೂರ್ತಿ ಒತ್ತಡ ಬಿಟ್ಟರೆ ಎಣ್ಣೆ ಉಂಗುರ ದಾಟುತ್ತದೆ. ಸಾದಾ ಬುಷ್ ಬೇರಿಂಗ್‌ನ ಟರ್ಬೊಗೆ ಅದೇ 1 ಮಿ.ಮೀ. ರಿಸ್ಟ್ರಿಕ್ಟರ್ ಹಾಕಿದರೆ ಎಣ್ಣೆ ಸಾಲದೆ ಬೇರಿಂಗ್ ಸುಡುತ್ತದೆ. ಯಾವುದು ಯಾವುದಕ್ಕೆ ಎಂದು ತಿಳಿದೇ ಹಾಕಬೇಕು.

ಈಗ ಕಿಟ್ ಎಲ್ಲಿ ದಾರಿ ತಪ್ಪಿಸುತ್ತದೆ ಎಂಬುದು. ಇಂಟರ್‌ಕೂಲರ್ ಹೋಸ್ ಒಳಗೆ ತೆಳ್ಳನೆಯ ಎಣ್ಣೆ ಪಸೆ ಇರುವುದು ಸಹಜ, ಇಂಜಿನ್ ಒಳಗಿನ ಗಾಳಿ ಹೊರಬಿಡುವ ಬ್ರೀದರ್‌ನಿಂದ ಬರುವ ಎಣ್ಣೆ ಆವಿ ಟರ್ಬೊ ಬಾಯಿಗೇ ಹೋಗುತ್ತದೆ. ಡೈ ಹಾಕಿದ ಮೇಲೆ ಆ ಪಸೆಯೂ ಭಯಂಕರವಾಗಿ ಹೊಳೆಯುತ್ತದೆ. ಹೊಳಪು ನೋಡಿ ಹೆದರಬೇಡಿ, ಅಳತೆ ನೋಡಿ. ಬೆರಳಿಗೆ ಅಂಟುವಷ್ಟಿದ್ದರೆ ಬಿಡಿ. ಹೋಸ್ ಬಗ್ಗಿಸಿದಾಗ ಲೋಟಕ್ಕೆ ಸುರಿಯುವಷ್ಟಿದ್ದರೆ ಕಾರಣ ಹುಡುಕಿ. ಬ್ರೀದರ್ ಹೋಸ್ ಸೇರುವ ಜಾಗದಿಂದ ಮುಂದಕ್ಕೆ ಮಾತ್ರ ಹೊಳೆಯುತ್ತಿದ್ದು, ಟರ್ಬೊ ಬಾಯಿಯ ಮುಂಚೆಯೇ ಎಣ್ಣೆ ಇದ್ದರೆ ಅದು ಟರ್ಬೊದ್ದಲ್ಲ, ಬ್ರೀದರ್‌ನದು. ನೀರಿನ ಪೈಪ್ ಇರುವ ಟರ್ಬೊಗಳಲ್ಲಿ ಇನ್ನೊಂದು ಮೋಸ. ಹಸಿರು ಕೂಲಂಟ್ ತಾನಾಗಿಯೇ ಯುವಿ ಬೆಳಕಿಗೆ ಹೊಳೆಯುತ್ತದೆ. ಬೆರಳಿನಲ್ಲಿ ಉಜ್ಜಿ ನೋಡಿ, ನೀರಿನಲ್ಲಿ ತೊಳೆದರೆ ಹೋಗುವುದು ಕೂಲಂಟ್. ಇನ್ನು ಸೈಲೆನ್ಸರ್ ಕಡೆಗೆ ಹೋಗುವ ಎಣ್ಣೆಯನ್ನು ಡೈ ತೋರಿಸಲಾರದು, ಅಲ್ಲಿನ ಕಾವಿಗೆ ಎಣ್ಣೆ ಸುಟ್ಟು ಕರಿಯಾಗುತ್ತದೆ, ಹೊಳಪು ಉಳಿಯುವುದಿಲ್ಲ. ಆ ಕಡೆಗೆ ನೀಲಿ ಹೊಗೆಯೇ ಸಾಕ್ಷಿ.

ಒಳಗಿನ ಒತ್ತಡವನ್ನಂತೂ ಡೈ ಹೇಳುವುದೇ ಇಲ್ಲ. ಮಟ್ಟದ ಟ್ಯೂಬ್ ಬೇಕಾಗುವುದು ಇಲ್ಲಿಯೇ. ಟ್ಯೂಬನ್ನು ‘ಯು’ ಆಕಾರದಲ್ಲಿ ಹಲಗೆಗೆ ಕಟ್ಟಿ, ಬಣ್ಣದ ನೀರು ಅರ್ಧ ತುಂಬಿ, ಪಕ್ಕದಲ್ಲಿ ಅಳತೆ ಪಟ್ಟಿ ಅಂಟಿಸಿ. ಡಿಪ್‌ಸ್ಟಿಕ್ ತೆಗೆದು ಆ ಕೊಳವೆಗೆ ಟ್ಯೂಬಿನ ಒಂದು ತುದಿಯನ್ನು ಗಾಳಿ ಹೋಗದಂತೆ ಸೇರಿಸಿ, ಇನ್ನೊಂದು ತುದಿ ಬಾಯಿ ತೆರೆದಿರಲಿ. ನೀರು ಇಂಜಿನ್‌ಗೆ ಎಳೆದುಕೊಳ್ಳದಂತೆ ಇಂಜಿನ್ ಕಡೆಯ ಟ್ಯೂಬನ್ನು ಎತ್ತರಕ್ಕೆ ಒಯ್ದು ಇಳಿಸಿ. ಬಿಸಿ ಇಂಜಿನ್ ಐಡಲ್‌ನಲ್ಲಿ ಚೆನ್ನಾಗಿದ್ದರೆ ಎರಡೂ ಕಡೆಯ ನೀರು ಹೆಚ್ಚೂಕಮ್ಮಿ ಸಮನಾಗಿರುತ್ತದೆ, ಅಥವಾ ಇಂಜಿನ್ ಕಡೆಗೆ ಸ್ವಲ್ಪ ಏರಿರುತ್ತದೆ. ಆಮೇಲೆ 2,500–3,000 ಆರ್‌ಪಿಎಂಗೆ ಏರಿಸಿ ನೋಡಿ. ನೀರು ಗೇಣುದ್ದ ಆಚೆಗೆ ತಳ್ಳಲ್ಪಟ್ಟರೆ ಚೇಂಬರ್ ಒಳಗೆ ಗಾಳಿ ಕಟ್ಟುತ್ತಿದೆ ಎಂದರ್ಥ. (ಒಂದು ಪಿಎಸ್‌ಐ ಎಂದರೆ ಸುಮಾರು 70 ಸೆಂ.ಮೀ. ನೀರು, ಎಷ್ಟು ಸೂಕ್ಷ್ಮದ ಅಳತೆ ಎಂದು ಇದರಿಂದ ತಿಳಿಯುತ್ತದೆ. ಆಯಾ ಇಂಜಿನ್‌ನ ಮಿತಿ ಕಂಪನಿಯ ವರ್ಕ್‌ಶಾಪ್ ಪುಸ್ತಕದಲ್ಲಿರುತ್ತದೆ.) ರಿಟರ್ನ್ ಪೈಪಿನ ಕೆಳಬಾಯಿಯಲ್ಲಿ ಗಾಳಿ ಎದುರು ನಿಂತರೆ ಎಣ್ಣೆ ಇಳಿಯುವುದು ಎಲ್ಲಿಗೆ?

ಗಾಳಿ ಕಟ್ಟುತ್ತಿದ್ದರೆ ಬ್ರೀದರ್ ಹೋಸನ್ನು ಟರ್ಬೊ ಬಾಯಿಯಿಂದ ಬಿಚ್ಚಿ, ಆ ಬಾಯಿ ಮುಚ್ಚಿ, ಹೋಸನ್ನು ಒಂದು ಬಾಟಲಿಗೆ ಬಿಟ್ಟು ಮತ್ತೆ ಅಳೆಯಿರಿ. ಒತ್ತಡ ಇಳಿದರೆ ತೊಂದರೆ ಬ್ರೀದರ್‌ನಿಂದ ಮುಂದಿನ ದಾರಿಯಲ್ಲಿ. ಇಳಿಯದಿದ್ದರೆ ಬ್ರೀದರ್‌ನ ಒಳಗೇ ಕಟ್ಟಿರಬೇಕು, ಇಲ್ಲವೇ ಪಿಸ್ಟನ್ ರಿಂಗ್ ಸವೆದಿರಬೇಕು. ರಿಂಗ್ ಸವೆದ ಇಂಜಿನ್‌ಗೆ ಹತ್ತು ಟರ್ಬೊ ಹಾಕಿದರೂ ಹತ್ತೂ ಸೋರುತ್ತವೆ. ಗಿರಾಕಿಗೆ ಇದನ್ನು ಟರ್ಬೊ ಕೊಳ್ಳುವ ಮುಂಚೆಯೇ ಹೇಳುವುದು ಮರ್ಯಾದೆ. ಇದಲ್ಲದೆ ಕಟ್ಟಿಹೋದ ಏರ್ ಫಿಲ್ಟರ್ ಐಡಲ್‌ನಲ್ಲೂ ಟರ್ಬೊ ಬಾಯಲ್ಲಿ ಎಳೆತ ಹುಟ್ಟಿಸಿ ಎಣ್ಣೆಯನ್ನು ಗಾಳಿ ಕಡೆಗೆ ಎಳೆಯುತ್ತದೆ. ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಕಟ್ಟಿಕೊಂಡ ಬಿಎಸ್6 ಡೀಸೆಲ್‌ಗಳಲ್ಲಿ ಹೊಗೆಯ ಹಿಂದೊತ್ತಡ ಉಂಗುರ ದಾಟಿ ಸೆಂಟರ್ ಹೌಸಿಂಗ್‌ಗೆ ನುಗ್ಗುತ್ತದೆ. ಅವುಗಳಲ್ಲಿ ಡಿಪಿಎಫ್‌ನ ಮಸಿ ಸುಡುವಾಗ ಡೀಸೆಲ್ ಚೇಂಬರ್‌ಗೆ ಇಳಿದು ಆಯಿಲ್ ಮಟ್ಟವೂ ಏರುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಮೇಲಿನ ಗುರುತು ದಾಟಿದ್ದರೆ ಮೊದಲು ಅದನ್ನು ಸರಿಮಾಡಿ, ಆಮೇಲೆ ಟರ್ಬೊ ಕಡೆ ನೋಡಿ.

ಟರ್ಬೊ ಹಾಕುವಾಗಿನ ಒಂದು ತಪ್ಪನ್ನು, ಎಣ್ಣೆ ಮುಟ್ಟಿಸದೆ ಒಣದಾಗಿ ತಿರುಗಿಸುವುದನ್ನು, ಯಾವ ಕಿಟ್ಟೂ ಆಮೇಲೆ ಸರಿಪಡಿಸಲಾರದು. ಫೀಡ್ ತೂತಿಗೆ ಕ್ಯಾನ್‌ನಿಂದ ಹೊಸ ಎಣ್ಣೆ ಬಿಟ್ಟು ಫ್ಯಾನ್ ಕೈಯಲ್ಲಿ ತಿರುಗಿಸಿ, ಇಂಧನ ಹೋಗದಂತೆ ಫ್ಯೂಸ್ ತೆಗೆದು, 10–15 ಸೆಕೆಂಡಿನಂತೆ ಎರಡು ಮೂರು ಸಲ ಸೆಲ್ಫ್ ಹೊಡೆಯಬೇಕು. ಸ್ಟಾರ್ಟ್ ಆದ ಮೇಲೆ ಎರಡು ಮೂರು ನಿಮಿಷ ರೇಸ್ ಕೊಡಬಾರದು. ಒಣಗಿ ತಿರುಗಿದ ಬೇರಿಂಗ್ ಸವೆದು ಶಾಫ್ಟ್ ಅಲ್ಲಾಡತೊಡಗಿದರೆ ಉಂಗುರವೂ ಸವೆಯುತ್ತದೆ, ಆಗ ಕಾಣುವ ಲೀಕ್ ನಿಜವಾಗಿಯೂ ಟರ್ಬೊದ್ದೇ.

ಪರ್ಯಾಯಗಳ ಬಗ್ಗೆ ಚುಟುಕಾಗಿ: ಟಾಲ್ಕಂ ಪೌಡರ್ ಉದುರಿಸುವುದು ಗ್ಯಾಸ್ಕೆಟ್ ಅಂಚಿನ ಲೀಕ್‌ಗೆ ಸಾಕಾಗುತ್ತದೆ, ಆದರೆ ರೇಡಿಯೇಟರ್ ಫ್ಯಾನ್ ಗಾಳಿಗೆ ಹಾರಿಹೋಗುತ್ತದೆ. ಸ್ಮೋಕ್ ಮಷೀನ್ ಹೋಸ್ ಮತ್ತು ಬ್ರೀದರ್ ಬಿರುಕುಗಳಿಗೆ ಒಳ್ಳೆಯದು, ಒತ್ತಡದ ಫೀಡ್ ಪೈಪಿಗೆ ಉಪಯೋಗವಿಲ್ಲ. ದುಬಾರಿ ಬೇರೆ.

ತಿಂಗಳಿಗೆ ಒಂದೆರಡು ಟರ್ಬೊ ಕೆಲಸ ಬರುವ ಗ್ಯಾರೇಜ್‌ಗೆ 365ರ ಟಾರ್ಚ್ ಇರುವ ಕಿಟ್ ಖಂಡಿತ ಬೇಕು. ಒಂದೇ ಗಾಡಿ ಇರುವವರು ಟಾರ್ಚ್ ಕೊಳ್ಳುವ ಬದಲು ಕಿಟ್ ಇರುವ ಮೆಕ್ಯಾನಿಕ್ ಹುಡುಕಿದರೆ ಸಾಕು. 395ರ ಕಿಟ್ ಅರ್ಧ ಬೆಲೆಗೆ ಸಿಕ್ಕರೂ ಬೇಡ. ಲೀಕ್ ಸರಿಮಾಡಿದ ಮೇಲೆ ಹಳೇ ಹೊಳಪನ್ನೆಲ್ಲ ಡಿಗ್ರೀಸರ್‌ನಿಂದ ಒರೆಸಿ, ಟಾರ್ಚ್ ಬಿಟ್ಟು ಪೂರ್ತಿ ಹೋಗಿದೆಯೆಂದು ಖಚಿತ ಮಾಡಿಕೊಂಡೇ ಗಾಡಿ ಕೊಡಿ. 200 ಕಿ.ಮೀ. ಆದ ಮೇಲೆ ಮತ್ತೆ ಕರೆಸಿ ನೋಡಿ. ಡೈಯನ್ನು ಬೇರೆಯಾಗಿ ತೆಗೆಯಬೇಕಿಲ್ಲ, ಮುಂದಿನ ಆಯಿಲ್ ಬದಲಾವಣೆಯಲ್ಲಿ ಹೋಗುತ್ತದೆ.